ಅಳಿಯಂದಿರ ಹುದ್ದೆ

ಹೆಂಡತಿ ಹೇಳಿದ ಒಂದು ಸುಳ್ಳಿನಿಂದಾಗಿ ಅಳಿಯ ಬೆಳಿಗ್ಗೆಯಿಂದಲೇ ಬೆವರುತ್ತಿದ್ದ. ವಕೀಲರ ಕಚೇರಿಯಲ್ಲಿ ಅವನು ಸೆಕ್ರೆಟರಿ. ಫೋನ್ ಎತ್ತುವುದು, ವಕೀಲರ ಡೈರಿ ನೋಡಿಕೊಳ್ಳುವುದು, ಅವರು ಹೇಳಿದ್ದನ್ನು ಟೈಪ್ ಮಾಡುವುದು ಅವನ ಕೆಲಸ. ಹೆಂಡತಿ ಮಾತ್ರ ತವರಿನಲ್ಲಿ, "ನಮ್ಮೋರು ಪ್ಯಾರಾಲೀಗಲ್. ಹಳೇ ತೀರ್ಪು ಹುಡುಕಿ ದಾವೆಗೆ ಕರಡು ಬರೆದುಕೊಡೋರು. ಒಂಥರಾ ವಕೀಲರೇ ಅಂತಿಟ್ಕೋ ಅಮ್ಮ" ಎಂದುಬಿಟ್ಟಿದ್ದಳು.

ಅವಳು ಹಾಗೆನ್ನಲು ಕಾರಣವಿತ್ತು. ಇಬ್ಬರು ಅಳಿಯಂದಿರಲ್ಲಿ ಹುದ್ದೆ ಯಾರದು ದೊಡ್ಡದೋ ಅವರಿಗೆ ತಮ್ಮ ಮನೆಯ ಮಹಡಿ ಬಿಟ್ಟುಕೊಡುವುದಾಗಿ ಅತ್ತೆ ಹೇಳಿದ್ದರು. ಗಾಳಿಯೇ ಆಡದ ಬಾಡಿಗೆ ಮನೆಯಲ್ಲಿ ಬೇಯುತ್ತಿದ್ದ ಅಳಿಯನಿಗೆ ಆ ಮಹಡಿ ಬೇಕೇ ಬೇಕಿತ್ತು. ಹಾಗಾಗಿ ಹೆಂಡತಿಯ ಸುಳ್ಳು ಬಾಯಲ್ಲಿಟ್ಟ ಬಿಸಿತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಅಂಥದ್ದರಲ್ಲಿ ಅತ್ತೆಯ ಫೋನ್ ಬಂತು. "ನಿಮ್ಮ ಆಫೀಸಿನ ಹತ್ರಾನೇ ಇದೀನಿ ಅಳಿಯಂದ್ರೆ. ನೀವು ಕೆಲಸ ಮಾಡೋದನ್ನ ಕಣ್ತುಂಬ ನೋಡ್ಬೇಕು."

ಅಳಿಯ ಪಕ್ಕದ ಮೇಜಿನ ನಿಜವಾದ ಪ್ಯಾರಾಲೀಗಲ್ ಮುಂದೆ ಕೈಮುಗಿದು ನಿಂತ. ಕಚೇರಿಯವರೆಲ್ಲ ಅಕ್ಕ ಎಂದು ಕರೆಯುತ್ತಿದ್ದ ಆಕೆ ನಗು ತಡೆದುಕೊಂಡು ಕೇಳಿಸಿಕೊಂಡರು.

"ಕುರ್ಚಿ ಬದಲಾಯಿಸೋಣ, ಅದಕ್ಕೇನಂತೆ. ಆದ್ರೆ ಕಾನೂನು ಸಲಹೆ ಮಾತ್ರ ಕೊಡಬೇಡ ಮಾರಾಯ. ಅದನ್ನ ನಾನೂ ಕೊಡೋ ಹಾಗಿಲ್ಲ, ವಕೀಲರೇ ಕೊಡಬೇಕು."

ಅತ್ತೆ ಬಂದಾಗ ಅಳಿಯ ಅಕ್ಕನ ಕುರ್ಚಿಯಲ್ಲಿ, ಕಡತಗಳ ಗುಡ್ಡೆಯ ಹಿಂದೆ, ದಪ್ಪ ಪುಸ್ತಕ ಬಿಚ್ಚಿ ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದ.

"ಏನು ಹುಡುಕ್ತಿದೀರಿ?"

"ಹಳೇ ತೀರ್ಪು, ಅತ್ತೆ."

"ಸಿಕ್ತಾ?"

"ಇನ್ನೂ ಇಲ್ಲ."

"ಪಾಪ. ನಮ್ಮ ಪಕ್ಕದ ಮನೆಯೋರ ಮರದ ಕೊಂಬೆ ನಮ್ಮ ಅಂಗಳಕ್ಕೆ ಚಾಚಿದೆ. ಕಡಿಸಬಹುದಾ?"

"ಅದನ್ನ ವಕೀಲರೇ ಹೇಳ್ಬೇಕು."

"ಇಷ್ಟು ದಪ್ಪ ಪುಸ್ತಕ ಇಟ್ಕೊಂಡು ಒಂದು ಕೊಂಬೆ ವಿಷಯ ಹೇಳಕ್ಕಾಗಲ್ವಾ?" ಅತ್ತೆಯ ಮುಖ ಸಪ್ಪಗಾಯಿತು.

ಅಷ್ಟರಲ್ಲಿ ಸೆಕ್ರೆಟರಿಯ ಮೇಜಿನ ಫೋನ್ ಬಡಿದುಕೊಳ್ಳತೊಡಗಿತು. ಅಕ್ಕನಿಗೆ ಆ ಡೈರಿಯ ತಲೆಬುಡ ತಿಳಿಯದು. ಆದ್ದರಿಂದ ಅವರು ಫೋನ್ ಮಾಡಿದವರಿಗೂ ಬಾಗಿಲಿಗೆ ಬಂದವರಿಗೂ, "ಇವತ್ತಾಗಲ್ಲ, ನಾಳೆ ಬನ್ನಿ" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಸೂಟು ಬೂಟಿನ ಕಕ್ಷಿದಾರರೊಬ್ಬರು ಗೋಗರೆದರೂ ವಾಪಸ್ ಹೋಗಬೇಕಾಯಿತು. ಅಳಿಯ ಓಲೈಸಿ ಓಲೈಸಿ ಕರೆಸಿದ್ದ ಕಕ್ಷಿದಾರರು ಅವರೇ. ಎದ್ದು ಹಿಂದೆ ಓಡೋಣವೆಂದರೆ ಎದುರಿಗೆ ಅತ್ತೆ ಕೂತಿದ್ದರು.

ವಕೀಲರು ಒಳಕೋಣೆಯಿಂದ ತಲೆ ಹೊರಹಾಕಿ, ಕೈಯಲ್ಲಿದ್ದ ಕಾಗದದಿಂದ ಕಣ್ಣೆತ್ತದೆಯೇ, "ಈಗ ನಾನೆಲ್ಲಿಗೆ ಹೋಗ್ಬೇಕು?" ಎಂದು ಕೇಳಿದರು.

"ಸ್ವಲ್ಪ ಕೂತಿರಿ ಸರ್, ಹೇಳ್ತೀನಿ" ಎಂದರು ಅಕ್ಕ, ಡೈರಿಯ ಪುಟ ತಿರುವುತ್ತ.

ವಕೀಲರು ಮರುಮಾತಾಡದೆ ಒಳಗೆ ಹೋಗಿ ಕೂತರು. ಅತ್ತೆ ಬಿಟ್ಟ ಬಾಯಿ ಬಿಟ್ಟಂತೆ ನೋಡುತ್ತಿದ್ದರು.

"ಆ ಫೋನ್ ಹತ್ರ ಕೂತಿರೋರು ಯಾರು?"

"ಸೆಕ್ರೆಟರಿ" ಎಂದ ಅಳಿಯ, ಸಣ್ಣ ದನಿಯಲ್ಲಿ.

"ಹಾಗನ್ನಿ. ವಕೀಲರನ್ನೇ ಕೂರಿಸೋ ಅಂಥ ಹುದ್ದೆ. ನೀವು ನೋಡಿದ್ರೆ ಸಿಗದೇ ಇರೋ ತೀರ್ಪು ಹುಡುಕ್ತಾ ಕೂತಿದೀರಿ. ದೊಡ್ಡಳಿಯಂದ್ರು ಮೊನ್ನೆ ಅವರ ಅಪಾರ್ಟ್‌ಮೆಂಟ್ ಸಂಘಕ್ಕೆ ಸೆಕ್ರೆಟರಿ ಆದ್ರು. ಅದೇನು ಮಹಾ ಅಂತ ಸುಮ್ಮನಿದ್ದೆ. ಅದರ ಬೆಲೆ ಇವತ್ತು ಗೊತ್ತಾಯ್ತು. ಮಹಡಿ ಅವರಿಗೇ ಇರಲಿ."

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಅಳಿಯ ಕುರ್ಚಿಯಿಂದ ಎದ್ದೇಬಿಟ್ಟ.

"ಅತ್ತೆ, ನಿಜ ಹೇಳ್ತೀನಿ ಕೇಳಿ. ಪ್ಯಾರಾಲೀಗಲ್ ಆಗಿರೋದು ಅವರು. ಇಲ್ಲಿ ಸೆಕ್ರೆಟರಿ ನಾನೇ."

ಅತ್ತೆ ಫೋನ್ ಹಿಡಿದಿದ್ದ ಅಕ್ಕನನ್ನು ನೋಡಿದರು, ದಪ್ಪ ಪುಸ್ತಕ ನೋಡಿದರು. ಕೊನೆಗೆ ಅಳಿಯನ ಕಡೆ ತಿರುಗಿದಾಗ ಅವರ ಕಣ್ಣಲ್ಲಿ ನಿಜವಾಗಿಯೂ ಮರುಕವಿತ್ತು.

"ದೊಡ್ಡ ಹುದ್ದೆಗೆ ಆಸೆ ಪಡೋದು ತಪ್ಪಲ್ಲ ಅಳಿಯಂದ್ರೆ" ಎಂದು ಚೀಲ ಎತ್ತಿಕೊಂಡು ಎದ್ದರು. "ಆದ್ರೆ ಅದಕ್ಕೋಸ್ಕರ ಸುಳ್ಳು ಹೇಳಬಾರದು."