ವಾಶ್ ಬೇಸಿನ್ನಿಗೆ ಸೇಮಿಗೆ

ನನ್ನ ಕೈಗೆ ಸ್ಪಾನರ್ ಕೊಡಬಾರದು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನೂ ಅದನ್ನು ಒಪ್ಪಿಕೊಂಡು ಸುಖವಾಗಿಯೇ ಇದ್ದೆ. ಬಲ್ಬು ಹೋದರೆ ಹೆಂಡತಿ ಹೊಸತು ಹಾಕುತ್ತಿದ್ದಳು, ನಾನು ಕುರ್ಚಿ ಹಿಡಿದುಕೊಳ್ಳುತ್ತಿದ್ದೆ. ಈ ಸುಖವನ್ನು ಹಾಳು ಮಾಡಿದ್ದು ಮೊಬೈಲು. ಅದರಲ್ಲಿ ಒಬ್ಬ ಮನುಷ್ಯ ಬರುತ್ತಾನೆ. ಅವನ ಮುಖ ಕಾಣುವುದಿಲ್ಲ, ಎರಡು ಕೈ ಮಾತ್ರ. ಸೋರುವ ಪೈಪು, ಬಿರುಕುಬಿಟ್ಟ ಗೋಡೆ, ಕಿರ್ರೆನ್ನುವ ಬಾಗಿಲು, ಎಲ್ಲವನ್ನೂ ಆ ಕೈಗಳು ಹಿನ್ನೆಲೆ ಸಂಗೀತ ಮುಗಿಯುವುದರೊಳಗೆ ಸರಿ ಮಾಡಿ ಬಿಸಾಡುತ್ತವೆ. ಕೊನೆಗೆ ಒಂದು ಹೆಬ್ಬೆರಳು ಮೇಲೆದ್ದು ‘ನೀವೂ ಮಾಡಬಹುದು’ ಎನ್ನುತ್ತದೆ. ಜೀವಮಾನದಲ್ಲಿ ಯಾರೂ ನನಗೆ ಆ ಮಾತು ಹೇಳಿರಲಿಲ್ಲ. ಹೈಸ್ಕೂಲಿನಲ್ಲಿ ನಾನು ಮಾಡಿದ ಮಣ್ಣಿನ ಆನೆಯನ್ನು ಕ್ರಾಫ್ಟ್ ಮಾಸ್ಟ್ರು ನಾಲ್ಕೂ ಕಡೆಯಿಂದ ನೋಡಿ, “ಇದನ್ನು ಮಡಕೆ ಅಂತ ಬರೆಯುವ, ಮಾರ್ಕು ಕೊಡ್ಲಿಕ್ಕೆ ಸುಲಭ ಆಗ್ತದೆ” ಎಂದಿದ್ದರು.

ಇದರ ಮೇಲೆ ನನಗೊಬ್ಬರು ಭಾವ ಇದ್ದಾರೆ. ನನ್ನ ಹೆಂಡತಿ ಶಶಿಕಲಾಳ ಅಣ್ಣ, ತೋಡಾರಿನ ಜಗದೀಶಣ್ಣ. ಮಸ್ಕತ್ತಿನಲ್ಲಿ ಇಂಜಿನಿಯರ್. ಅವರು ಬಹಳ ಒಳ್ಳೆಯವರು, ನನಗೆ ತೊಂದರೆಯಾದದ್ದೇ ಅದರಿಂದ. ನಮ್ಮ ಮನೆಯಲ್ಲಿ ಮಿಕ್ಸಿ ನಿಂತರೆ “ಅಣ್ಣ ಆಗಿದ್ರೆ ಇಷ್ಟೊತ್ತಿಗೆ ಬಿಚ್ಚಿ ಆಗ್ತಿತ್ತು” ಎಂಬ ಮಾತು ಬರುತ್ತದೆ. ಕರೆಂಟು ಹೋದರೂ ಬರುತ್ತದೆ. ಒಮ್ಮೆ ಬೆಳ್ತಂಗಡಿಯಲ್ಲಿ ಬಸ್ಸು ತಪ್ಪಿದಾಗಲೂ ಬಂದಿತ್ತು. ಬಸ್ಸು ತಪ್ಪದ ಹಾಗೆ ಅಣ್ಣ ಏನು ಮಾಡುತ್ತಿದ್ದರು ಎಂದು ಕೇಳುವ ಧೈರ್ಯ ನನಗೆ ಆಗಲಿಲ್ಲ. ನಾನು ಬಂಟ್ವಾಳದಲ್ಲಿ ಮನೆ ಕಟ್ಟಿಸಿದಾಗ ಈ ಭಾವ ಮನೆಒಕ್ಕಲಿನ ದಿನಕ್ಕೆ ಮಸ್ಕತ್ತಿನಿಂದ ಒಂದು ವಾಶ್ ಬೇಸಿನ್ ತಂದರು. ಆಕಾಶನೀಲಿ ಬಣ್ಣ, ಅಂಚಿಗೆ ಚಿನ್ನದ ಗೆರೆ. ಎರಡು ಕಂಬಳಿಯಲ್ಲಿ ಸುತ್ತಿ ಮಗುವನ್ನು ತಂದ ಹಾಗೆ ತಂದಿದ್ದರು. ಅದನ್ನು ಊಟದ ಮೇಜಿನ ಪಕ್ಕದಲ್ಲೇ, ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ ಕೂರಿಸಿದೆವು.

ಆ ಬೇಸಿನ್ನಿನ ನಲ್ಲಿ ಆಟಿ ತಿಂಗಳ ಮಳೆಗಾಲದಲ್ಲಿ ತೊಟ್ಟಿಕ್ಕತೊಡಗಿತು. ಪ್ಲಂಬರನ್ನು ಕರೆಯುತ್ತೇನೆ ಎಂದು ಶಶಿಕಲಾ ಹೇಳಿದಳು. “ಎಂತಕ್ಕೆ? ವಿಡಿಯೋ ಉಂಟು, ನಾನೇ ಮಾಡ್ತೇನೆ” ಎಂದೆ. ವಿಡಿಯೋದ ಕೈಗಳು ಹೇಳಿದಂತೆಯೇ ನಲ್ಲಿಯನ್ನು ತಿರುಗಿಸಿದೆ. ವಿಡಿಯೋದ ನಲ್ಲಿ ತಿರುಗಿತು. ನನ್ನದು ತಿರುಗಲಿಲ್ಲ, ಸ್ಪಾನರ್ ತಿರುಗಿತು, ಜಾರಿತು, ಬೇಸಿನ್ನಿನೊಳಗೆ ಬಿತ್ತು. ಸದ್ದು ಅಡಗಿದ ಮೇಲೆ ಬಗ್ಗಿ ನೋಡಿದರೆ ಬೇಸಿನ್ನಿನ ಒಳಗಿಂದ ನನ್ನ ಪಾದ ಕಾಣುತ್ತಿತ್ತು. ಶಶಿಕಲಾ ಬೊಬ್ಬೆ ಹಾಕಲಿಲ್ಲ. ಹಾಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಮೆಲ್ಲನೆ, “ಅಣ್ಣ ರಜೆಯಲ್ಲಿ ಊರಿಗೆ ಬಂದಿದ್ದಾರೆ, ಆದಿತ್ಯವಾರ ಊಟಕ್ಕೆ ಬರ್ತಾರೆ” ಎಂದಳು. “ಅವರು ಅಷ್ಟು ಪ್ರೀತಿಯಲ್ಲಿ ಕೊಟ್ಟದ್ದು. ನೀವು ಎಂತ ಬೇಕಾದ್ರೂ ಮಾಡಿ. ಇದು ಒಡೆದದ್ದು ಅವರಿಗೆ ಗೊತ್ತಾಗಬಾರದು, ಅಷ್ಟೇ.” ಅವಳ ಕಣ್ಣಲ್ಲಿ ನೀರಿತ್ತು.

ಮೊಬೈಲಿನಲ್ಲಿ ಬೇಸಿನ್ನಿನ ಫೋಟೋ ಇಟ್ಟುಕೊಂಡು ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿಯ ಅಂಗಡಿಗಳನ್ನೆಲ್ಲ ಸುತ್ತಿದೆ. ಮೂಡುಬಿದಿರೆಯ ಅಂಗಡಿಯವರು ಫೋಟೋವನ್ನು ದೊಡ್ಡದು ಮಾಡಿ ನೋಡಿ, “ಚೆಂದ ಉಂಟು ಮಾರಾಯ್ರೆ, ಎಲ್ಲಿ ಸಿಕ್ಕಿತು?” ಎಂದು ನನ್ನನ್ನೇ ಕೇಳಿದರು. ಸೋತು ಬಸ್ಸಿನಲ್ಲಿ ಕುಳಿತಾಗ ಮೊಬೈಲಿಗೆ ನನ್ನ ಸಂಕಟ ಹೇಗೋ ತಿಳಿಯಿತು. ತಾನಾಗಿಯೇ ಒಂದು ವಿಡಿಯೋ ತೋರಿಸಿತು. ಒಡೆದ ಬೇಸಿನ್, ಅದರ ತೂತಿಗೆ ಒಣ ನೂಡಲ್ಸ್ ತುರುಕುವ ಎರಡು ಕೈ, ಮೇಲಿಂದ ಗಮ್, ಮರಳು ಕಾಗದದ ಉಜ್ಜಾಟ, ಬಣ್ಣ. ಬೇಸಿನ್ ಹೊಸ ಮದುಮಗಳ ಹಾಗೆ ಹೊಳೆಯಿತು. ಅಂಥ ವಿಡಿಯೋವನ್ನು ಯಾರಾದರೂ ನಂಬುತ್ತಾರೆಯೇ ಎಂದು ನೀವು ಕೇಳಬಹುದು. ನಿಮ್ಮ ಭಾವ ಆದಿತ್ಯವಾರ ಬರುವವರಿದ್ದರೆ ನೀವೂ ನಂಬುತ್ತೀರಿ.

ಮನೆಗೆ ಬಂದರೆ ನೂಡಲ್ಸ್ ಇರಲಿಲ್ಲ. ಆದರೆ ಅಡುಗೆಮನೆಯಲ್ಲಿ ಅಮ್ಮ ಆಗಷ್ಟೇ ಒತ್ತಿದ ಅಕ್ಕಿ ಸೇಮಿಗೆ, ಅಂದರೆ ಒತ್ತು ಶಾವಿಗೆ, ತಟ್ಟೆ ತುಂಬ ಇತ್ತು. ವಿಡಿಯೋದ ಕೆಳಗೆ ಯಾರೋ ‘ನೂಡಲ್ಸ್ ಬದಲು ಬೇರೆ ಹಾಕಬಹುದೇ?’ ಎಂದು ಕೇಳಿದ್ದರು, ಇನ್ಯಾರೋ ‘ಯಾವುದಾದರೂ ಆಗುತ್ತದೆ’ ಎಂದು ಉತ್ತರಿಸಿದ್ದರು. ಆ ‘ಇನ್ಯಾರೋ’ ಯಾರು, ಏನು ಓದಿದ್ದಾರೆ ಎಂದು ನಾನು ಯೋಚಿಸಲಿಲ್ಲ. ಬೇಯಿಸಿದ, ಬಿಸಿ ಆರದ ಸೇಮಿಗೆಯನ್ನು ಉಂಡೆ ಮಾಡಿ ತೂತಿಗೆ ಮೆತ್ತಿ ಮೇಲೆ ಗಮ್ ಸುರಿದೆ. ಅಮ್ಮ ಬಂದು ನಿಂತು ನೋಡಿದರು. “ಎಂತದು ಮಗಾ, ಬೇಸಿನ್ನಿಗೆ ಬಡಿಸುವುದಾ?” ಎಂದು ಕೇಳಿದರು. ನನ್ನ ಹೆಬ್ಬೆರಳು ಮತ್ತು ತೋರುಬೆರಳು ಗಮ್ಮಿನಲ್ಲಿ ಒಂದಾಗಿದ್ದವು. ಮರುದಿನ ಆಫೀಸಿನಲ್ಲಿ ಬೆರಳು ಹಾಗೆಯೇ ಇದ್ದುದರಿಂದ, ಅರ್ಜಿ ಕೊಡಲು ಬಂದ ಹಿರಿಯರೊಬ್ಬರು ನನ್ನನ್ನು ನಶ್ಯ ಹಾಕುವವನೆಂದು ತಿಳಿದು, “ನನಗೂ ಒಂದು ಚಿಟಿಕೆ” ಎಂದು ಕೈಯೊಡ್ಡಿದರು.

‘ಒಂದು ದಿನ ಬಿಸಿಲಿನಲ್ಲಿ ಒಣಗಲು ಬಿಡಿ’ ಎಂದು ವಿಡಿಯೋ ಹೇಳಿತ್ತು. ಹೊರಗೆ ನೇತ್ರಾವತಿ ಹೊಳೆ ತುಂಬಿ, ಪೇಟೆಯೊಳಗೆ ಬರಲೇ ಬೇಡವೇ ಎಂದು ಯೋಚಿಸುತ್ತಿದ್ದ ಸಮಯ. ಟೇಬಲ್ ಫ್ಯಾನ್ ಇಟ್ಟೆ, ಮಗಳ ಕೂದಲು ಒಣಗಿಸುವ ಮೆಷಿನ್ ಹಿಡಿದೆ. ಸೇಮಿಗೆ ಒಣಗಲಿಲ್ಲ, ಹುಳಿ ಬಂತು. ಅದರ ವಾಸನೆಗೆ ಇರುವೆಗಳು ಸಾಲುಗಟ್ಟಿ ಬಂದವು. ಇರುವೆಗೆ ವಿನೆಗರ್ ಸವರಿ ಎಂದು ಇನ್ನೊಂದು ವಿಡಿಯೋ ಹೇಳಿತು. ವಿನೆಗರ್ ಇರಲಿಲ್ಲ, ಹುಣಸೆಹುಳಿಯ ನೀರು ಸವರಿದೆ. ಬೂಷ್ಟು ಬಾರದಂತೆ ಅರಸಿನ ಹಚ್ಚಿ ಎಂದು ಮತ್ತೊಂದು ಹೇಳಿತು, ಹಚ್ಚಿದೆ. ಅಮ್ಮ ದೂರದಿಂದಲೇ, “ಇನ್ನು ಒಗ್ಗರಣೆ ಒಂದು ಬಾಕಿ” ಎಂದರು. ಶನಿವಾರ ಸಂಜೆ ಶಶಿಕಲಾ ತನ್ನ ನೀಲಿ ನೇಲ್ ಪಾಲಿಶಿನ ಬಾಟ್ಲಿ ತಂದು ಮೇಜಿನ ಮೇಲಿಟ್ಟು ಹೋದಳು. ಅದನ್ನು ಪೂರ್ತಿ ಬಳಿದಾಗ, ದೀಪ ಆರಿಸಿ ನೋಡಿದರೆ, ಬೇಸಿನ್ ಬಹುಮಟ್ಟಿಗೆ ಮೊದಲಿನಂತೆಯೇ ಕಾಣುತ್ತಿತ್ತು.

ಆದಿತ್ಯವಾರ ಭಾವ ಬಂದರು. ಕೋಳಿ ಸಾರು, ಸೇಮಿಗೆ. ನಾನು ಸೇಮಿಗೆ ಮುಟ್ಟಲಿಲ್ಲ. ಊಟವಾದ ಮೇಲೆ ಹೊರಗೆ ಕೈ ತೊಳೆಯಲು ಬಾಲ್ದಿ, ಚೆಂಬು ಇಟ್ಟು, “ಭಾವ, ಹೊರಗೆ ಬನ್ನಿ, ಗಾಳಿ ಒಳ್ಳೆದುಂಟು” ಎಂದು ಕರೆದೆ. “ಛೆ, ಮಳೆಗೆ ಹೊರಗೆ ಎಂತಕ್ಕೆ? ನಾನು ತಂದ ಬೇಸಿನ್ ಇಲ್ವಾ?” ಎಂದು ಅವರು ನೇರ ಹೋಗಿ ನಲ್ಲಿ ತಿರುಗಿಸಿಯೇ ಬಿಟ್ಟರು. ನಾನು ಚೆಂಬು ಹಿಡಿದುಕೊಂಡೇ ಅವರ ಹಿಂದೆ ಓಡಿದೆ. ಮೊದಲು ಬಣ್ಣ ಸುಲಿಯಿತು. ಅನಂತರ ಸೇಮಿಗೆ ನೀರು ಕುಡಿದು ಉಬ್ಬಿತು. ಆಮೇಲೆ ನೀಲಿಯ ಒಂದು ಮುದ್ದೆ ಜಾರಿ ಭಾವನ ಬಲಗಾಲಿನ ಮೇಲೆ ಮೆತ್ತಗೆ ಕುಳಿತಿತು. ಅದರ ಹಿಂದೆಯೇ ನೀರು.

ಭಾವ ಕಾಲನ್ನು ನೋಡಿದರು, ತೂತನ್ನು ನೋಡಿದರು, ಅಡುಗೆಮನೆಯ ಕಡೆ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದರು: “ನೂಡಲ್ಸಾ?”

“ಅಲ್ಲ, ಸೇಮಿಗೆ” ಎಂದೆ.

“ನಂದು ನೂಡಲ್ಸ್” ಎಂದರು ಭಾವ. “ಅಲ್ಲಿ ಕಂಪನಿ ಕೊಟ್ಟ ಫ್ಲ್ಯಾಟಿನಲ್ಲಿ. ಅದೇ ವಿಡಿಯೋ. ಮರುದಿನ ಬೆಳಗ್ಗೆ ಮುಖ ತೊಳೆಯುವಾಗ ಬೇಸಿನ್ನೇ ಕೆಳಗೆ ಬಂತು ಮಾರಾಯ್ರೆ. ಈಗ ಅಡುಗೆಮನೆಯಲ್ಲಿ ಹಲ್ಲುಜ್ಜುತ್ತೇನೆ. ಶಶಿಗೆ ಹೇಳಬೇಡಿ ಭಾವ, ನಿಮ್ಮ ದಮ್ಮಯ್ಯ. ಅವಳು ನನ್ನನ್ನು ದೊಡ್ಡ ಇಂಜಿನಿಯರ್ ಅಂತ ತಿಳ್ಕೊಂಡಿದ್ದಾಳೆ.” ನಾನು ಮಾತು ಕೊಟ್ಟೆ. ಎಷ್ಟೋ ವರ್ಷಗಳ ಭಾರ ಎದೆಯಿಂದ ಇಳಿದಂತಾಗಿ ಅವರನ್ನು ತಬ್ಬಿಕೊಳ್ಳಬೇಕೆನಿಸಿತು.

ಅಷ್ಟರಲ್ಲಿ ಶಶಿಕಲಾ ಸದ್ದು ಕೇಳಿ ಓಡಿ ಬಂದಳು. ಭಾವ ಒಂದು ಕ್ಷಣವೂ ತಡೆಯದೆ, “ನನ್ನ ಕೈ ತಾಗಿ ಒಡೆದು ಹೋಯ್ತು ಶಶಿ. ಹಳತಾಗಿತ್ತು, ಬಿಡು. ಹೊಸತು ನಾನೇ ಕಳಿಸ್ತೇನೆ” ಎಂದರು. ಅವಳು ಅಣ್ಣನ ಕಾಲ ಮೇಲಿದ್ದ ನೀಲಿ ಸೇಮಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವರು ಹೋದ ಮೇಲೆ ಹೇಳಿದಳು, “ಎಲ್ಲ ಗೊತ್ತಾಗಿದೆ ಅವರಿಗೆ. ಆದ್ರೂ ನಿಮ್ಮ ಮರ್ಯಾದೆ ಉಳಿಸ್ಲಿಕ್ಕೆ ತನ್ನ ಮೇಲೆ ಹಾಕ್ಕೊಂಡ್ರು. ಅಂಥ ಮನುಷ್ಯ ಎಲ್ಲಿ ಸಿಗ್ತಾರೆ ಹೇಳಿ?”

ಅಂದಿನಿಂದ ನಮ್ಮ ಮನೆಯಲ್ಲಿ ಭಾವ ಇಂಜಿನಿಯರ್ ಮಾತ್ರವಲ್ಲ, ಸಾಕ್ಷಾತ್ ದೇವರು. ಮಿಕ್ಸಿ ನಿಂತಾಗಲೆಲ್ಲ ಆ ನೂಡಲ್ಸಿನ ಮಾತು ನನ್ನ ನಾಲಿಗೆಯ ತುದಿಗೆ ಬರುತ್ತದೆ, ನುಂಗುತ್ತೇನೆ. ಕೊಟ್ಟ ಮಾತು ಕೊಟ್ಟದ್ದೇ. ಹೆಂಡತಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಬರೆಯಬಾರದು ಎಂದು ಭಾವ ಹೇಳಿರಲಿಲ್ಲ. ನಾನು ಬರೆದದ್ದನ್ನು ಶಶಿಕಲಾ ಒಂದು ದಿನವೂ ಓದಿದವಳಲ್ಲ. ಆದ್ದರಿಂದ ಇದು ಅಚ್ಚಾಗಿ ಬಂದ ದಿನ ಈ ಪುಟವನ್ನೇ ಮೇಲೆ ಬರುವಂತೆ ಮಡಚಿ, ಊಟದ ಮೇಜಿನಲ್ಲಿ ಅವಳು ಕೂರುವ ಕಡೆ ಮರೆತು ಆಫೀಸಿಗೆ ಹೋಗಬೇಕೆಂದಿದ್ದೇನೆ.