ಡೈರೆಕ್ಟರು ಕೂರಿಸಿದ ಗೂಬೆ

"ಕಿಮಿಯೆ, ಭಾನುವಾರದ ಹೊತ್ತಿಗೆ ಈ ಗೂಬೆ ಮನೆಯಲ್ಲಿದ್ದರೆ ನನ್ನ ಹೆಸರು ಹಗಿನುಮಾ ಅಲ್ಲ!" ಎಂದು ಹೆಂಡತಿಯೆದುರು ಊಟದ ಮೇಜು ಗುದ್ದಿ ಘೋಷಿಸಿದೆ. ಮಿಸೊ ಸಾರು ಚೆಲ್ಲಿ ನನ್ನ ತೊಡೆಯ ಮೇಲೆ ಹರಿಯಿತು. ಅದನ್ನು ನಾನು ವಿಜಯದ ಅಭಿಷೇಕ ಅಂದುಕೊಂಡೆ!

ನಮ್ಮ ಕಂಪನಿಯ ಡೈರೆಕ್ಟರ್ ತೊದೊರೊಕಿಯವರಿಗೆ ಇತ್ತೀಚೆಗೆ ಕುಂಬಾರಿಕೆಯ ಹುಚ್ಚು. ನಮ್ಮ ದೇಶದಲ್ಲಿ ಗೂಬೆ ಅಂದರೆ ಶುಭ. ಹಾಗಾಗಿ ಮೊಣಕಾಲೆತ್ತರದ ಮಣ್ಣಿನ ಗೂಬೆಯೊಂದನ್ನು ಸುಟ್ಟು, ತಳದಲ್ಲಿ ನನ್ನ ಹೆಸರು, ವಿಳಾಸ, ಫೋನ್ ನಂಬರು, ಕೆಳಗೆ ತಮ್ಮ ಹೆಸರು, ನಂಬರನ್ನೂ ಕೆತ್ತಿ ದಯಪಾಲಿಸಿದ್ದರು. ಅದರ ಎಡಗಣ್ಣು ನನ್ನನ್ನು ನೋಡಿದರೆ ಬಲಗಣ್ಣು ಅಡುಗೆಮನೆಯನ್ನು ನೋಡುತ್ತಿತ್ತು. ಬೇರೆ ಮೇಲಧಿಕಾರಿಗಳು ಕೈಕೆಳಗಿನವರ ತಲೆಯ ಮೇಲೆ ಗೂಬೆ ಕೂರಿಸುತ್ತಾರೆ. ನಮ್ಮವರು ನಡುಮನೆಯ ಅಲಂಕಾರದ ಗೂಡಿನಲ್ಲೇ ಕೂರಿಸಿಬಿಟ್ಟರು!

ಆ ಗೂಡು ಕಿಮಿಯೆಗೆ ಬೇಕಿತ್ತು. ಭಾನುವಾರ ಅವಳ ಹೂಜೋಡಣೆಯ ಗುರು ಅಸಾಬುಕಿಯಮ್ಮನವರು ಬಂದು, ಅಲ್ಲಿ ಅವಳು ಜೋಡಿಸಿದ ಹೂ ನೋಡಿ ಒಪ್ಪಿದರೆ ಅವಳೂ ಶಿಷ್ಯರನ್ನು ಸೇರಿಸಿಕೊಳ್ಳಬಹುದು. ವರ್ಷಗಟ್ಟಲೆ ಕಾದ ಅವಕಾಶ.

"ಕಸಕ್ಕೆ ಹಾಕ್ರೀ."

"ಕಸದ ಚೀಲದೊಳಗಿದ್ದದ್ದೆಲ್ಲ ಹೊರಗೆ ಕಾಣುತ್ತೆ ಕಣೇ! ಡೈರೆಕ್ಟರ್ ಮನೆ ಕಸವೂ ಅದೇ ಮೂಲೆಗೆ ಬರುತ್ತೆ."

"ಬೀರುವಿಗೆ ತುರುಕಿ."

"ಅವರು ಬಂದು ಎಲ್ಲಿ ಗೂಬೆ ಅಂದ್ರೆ? ಕಳೆದುಹೋಯ್ತು ಅಂತ ಅಳಬಹುದು, ಬೀರುವಿನಲ್ಲಿದೆ ಅಂತ ಅಳೋಕಾಗುತ್ತಾ?"

ಹೀಗೆ ಗೂಬೆಯನ್ನು ಕಳೆದುಹಾಕುವ ಮಹಾಯೋಜನೆ ಸಿದ್ಧವಾಯಿತು. ಬಟ್ಟೆಯಲ್ಲಿ ಸುತ್ತಿ, ರೈಲಿನಲ್ಲಿ ಸಾಮಾನಿಡುವ ಹಲಗೆಯ ಮೇಲಿಟ್ಟು, ಮೈಮರೆತವನಂತೆ ಇಳಿದುಬಂದೆ. ಮನೆಗೆ ಬಂದು ಬೂಟು ಬಿಚ್ಚುವಷ್ಟರಲ್ಲಿ ಫೋನು! ನಿಲ್ದಾಣಕ್ಕೆ ಓಡಿದರೆ ಅಧಿಕಾರಿ ನಡು ಬಗ್ಗಿಸಿ, "ಕ್ಷಮಿಸಬೇಕು ಸಾರ್, ಪ್ರಯಾಣದಲ್ಲಿ ಕಣ್ಣು ಸೊಟ್ಟಗಾಗಿದೆ" ಅಂದ. ಹುಟ್ಟಾ ಸೊಟ್ಟ ಅಂತ ಹೇಗೆ ಹೇಳಲಿ?

ಮರುದಿನ ಪಕ್ಕದ ಊರಿನ ಪಾರ್ಕಿನ ಬೆಂಚಿನ ಮೇಲೆ ಬಿಟ್ಟೆ. ಸಂಜೆ ಪೊಲೀಸಪ್ಪ ಸೈಕಲ್ಲಿಗೆ ಗೂಬೆಯನ್ನು ಕಟ್ಟಿಕೊಂಡು ಬೆವರುತ್ತಾ ಬಾಗಿಲಿಗೆ ಬಂದ. "ನಾಯಿ ತಿರುಗಿಸೋ ಅಜ್ಜಿಯೊಬ್ಬರು ತಂದುಕೊಟ್ಟರು ಯಜಮಾನರೇ. ಚಳಿಯಾಗದಿರಲಿ ಅಂತ ಶಾಲೂ ಹೊದಿಸಿದ್ದಾರೆ."

ಕಿಮಿಯೆ ಶಾಲು ಮಡಚುತ್ತಾ ಕೇಳಿದಳು: "ಒಂದು ಗೂಬೆ ಕಳೆಯೋಕೂ ಬರಲ್ವಾ ನಿಮಗೆ? ಕೊಡೆ ಮಾತ್ರ ವಾರಕ್ಕೊಂದು ಕಳೀತೀರಿ!"

ಸ್ವಾಭಿಮಾನ ಕೆರಳಿತು. ಉಳಿ ತಂದು ತಳದ ನನ್ನ ಹೆಸರು, ವಿಳಾಸ, ನಂಬರನ್ನು ಕೆರೆದು ಹಾಕಿ, ಶನಿವಾರ ಬಸ್ಸಿನ ಕೊನೆಯ ಸೀಟಿನಲ್ಲಿ ಬಿಟ್ಟು ಬಂದೆ. ರಾತ್ರಿಯಾದರೂ ಫೋನಿಲ್ಲ. ಗೆದ್ದೆ! ಭಾನುವಾರ ಖಾಲಿ ಗೂಡಿನಲ್ಲಿ ಕಿಮಿಯೆಯ ಒಂಟಿ ಪ್ಲಮ್ ಕೊಂಬೆ ರಾಣಿಯಂತೆ ನಿಂತಿತು. ಅಸಾಬುಕಿಯಮ್ಮನವರು ಮಂಡಿಯೂರಿ ಕಣ್ಣರಳಿಸಿದರು. ಅಷ್ಟರಲ್ಲಿ ಕರೆಗಂಟೆ ಬಡಿಯಿತು.

ಬಾಗಿಲಲ್ಲಿ ಡೈರೆಕ್ಟರು! ಎರಡು ಕಂಕುಳಲ್ಲೂ ಒಂದೊಂದು ಗೂಬೆ!

ನನ್ನ ಹೆಸರು ಕೆರೆದಿದ್ದೆ ನಿಜ, ಅವರದನ್ನು ಮರೆತಿದ್ದೆ.

"ಹಗಿನುಮಾ! ಯಾವನೋ ಕಳ್ಳ ನಿನ್ನ ಹೆಸರು ಕೆರೆದುಹಾಕಿದ್ದಾನೆ ಕಣಯ್ಯಾ! ಪೊಲೀಸರು ನನಗೇ ಫೋನ್ ಮಾಡಿದ್ರು. ಎಲ್ಲಿ ಹೋದರೂ ನನ್ನ ಗೂಬೇನ ಜೊತೆಗೇ ಒಯ್ತೀಯಂತೆ!" ಅವರ ಕಣ್ಣು ತುಂಬಿತ್ತು. "ಇಷ್ಟು ಪ್ರೀತಿ ಅಂತ ಗೊತ್ತಿದ್ರೆ ಮೊದಲೇ ಜೋಡಿ ಕೊಡ್ತಿದ್ದೆ. ತಗೋ, ಅದರ ಹೆಂಡತಿ! ಎರಡರ ತಳದಲ್ಲೂ ನಿನ್ನ ಹೆಸರು ಆಳವಾಗಿ ಕೆತ್ತಿದ್ದೀನಿ."

ಹೇಳಿದವರೇ ಒಳನುಗ್ಗಿ ಕೊಂಬೆಯ ಎಡಕ್ಕೊಂದು ಬಲಕ್ಕೊಂದು ಕೂರಿಸಿಯೇಬಿಟ್ಟರು. ಕಿಮಿಯೆಯ ಮುಖ ಅಕ್ಕಿ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಗುರುಗಳು ಬಹಳ ಹೊತ್ತು ನೋಡಿದರು.

"ಇಷ್ಟು ಕುರೂಪದ ನಡುವೆಯೂ ಅಲುಗದೆ ನಿಂತಿದೆಯಲ್ಲ ನಿನ್ನ ಹೂವು!" ಅಂದರು. ಡೈರೆಕ್ಟರಿಗೆ ಎಡಗಿವಿ ಮಂದ, ಪುಣ್ಯಕ್ಕೆ! "ನಾಳೆಯಿಂದಲೇ ಶಿಷ್ಯರನ್ನು ಸೇರಿಸಿಕೋಮ್ಮಾ. ಈ ಗೂಬೆಗಳನ್ನು ಮಾತ್ರ ಕದಲಿಸಬೇಡ."

ಎಲ್ಲರೂ ಹೋದ ಮೇಲೆ ನಾನು ಎದೆಯುಬ್ಬಿಸಿದೆ. "ನೋಡಿದೆಯಾ, ನನ್ನಿಂದಾಗಿ..."

ಕಿಮಿಯೆ ಗೂಬೆಗಳ ಧೂಳು ಒರೆಸುತ್ತಾ ತಣ್ಣಗೆ ಹೇಳಿದಳು: "ಇವೆರಡಕ್ಕೂ ತಳದಲ್ಲಿ ಹೆಸರಿದೆ, ಇಲ್ಲೇ ಇರಲಿ. ಮೂರನೇ ಗೂಬೆಗೆ ಇವತ್ತಿಂದ ಹೆಸರೇ ಇಲ್ಲ, ನೀವೇ ಮೇಜು ಗುದ್ದಿ ಹೇಳಿದ್ದು. ಅದನ್ನ ರೈಲಲ್ಲಿ ಬಿಟ್ಟುಬಂದ್ರೆ ಯಾರೂ ವಾಪಸ್ ತರಲ್ಲ ಬಿಡಿ!"