ಒಕ್ಕಣ್ಣ ಸತ್ತಿದ್ದನೋ ಇಲ್ಲವೋ

ಕೋಪ ಮಾಡಿಕೊಳ್ಳಬೇಡಿ ಅಂತ ಡಾಕ್ಟರು ಹೇಳಿ ಕಳಿಸುತ್ತಾರೆ, ಮನೆಗೆ ಬಂದರೆ ಕೋಪ ಬರುವಂಥದ್ದೇ ಏನಾದರೊಂದು ನಡೆದಿರುತ್ತದೆ. ಈ ಸಲ ಅದು ಜಪಾನಿನಿಂದ ಬಂತು. ನನ್ನ ಮನೆ ಬಂಗಾರಪೇಟೆಯಲ್ಲಿ, ಕೆಲಸ ಕೆಜಿಎಫ್‌ನ ಕಾರ್ಖಾನೆಯಲ್ಲಿ. ಕಬ್ಬಿಣದ ಜೊತೆ ಏಗಿ ತಣ್ಣಗಿದ್ದ ನನಗೆ ಕಾಲೇಜಿಗೆ ಹೋಗುವ ಮಗಳು ಒಂದು ಆನಿಮೆ, ಅಂದರೆ ಜಪಾನಿನ ಕಾರ್ಟೂನ್ ಧಾರಾವಾಹಿ, ಹಚ್ಚಿಕೊಟ್ಟಳು. ಕತ್ತಿ, ರಾಕ್ಷಸರು, ಹಾರಾಟ, ಚೀರಾಟ. ಕಥೆಯ ಒಂದೊಂದು ಘಟ್ಟಕ್ಕೂ ಅದರಲ್ಲಿ ಆರ್ಕ್ ಅನ್ನುತ್ತಾರಂತೆ. "ಒಂದೇ ಒಂದು ಕಂತು ನೋಡಪ್ಪಾ" ಅಂದಳು. ನೋಡಿದೆ, ಕೆಟ್ಟೆ.

೧. ಮಟನ್ ಬಿಟ್ಟಿದ್ದು

ಮೊದಲ ಆರ್ಕ್ ಸುಮಾರು. ಎರಡನೆಯದು ಮಾತ್ರ ಚಿನ್ನ. ನಾಯಕ ತನ್ನ ಪಡೆ ಕಟ್ಟಿಕೊಂಡು ರಾಕ್ಷಸರಿರುವ ಹಳೇ ಗಣಿಗೆ ಇಳಿಯುತ್ತಾನೆ. ಮೇಲ್ಛಾವಣಿ ಕುಸಿಯುತ್ತದೆ. ಅವನ ಒಕ್ಕಣ್ಣಿನ ಗೆಳೆಯ ತೊಲೆಗೆ ಹೆಗಲು ಕೊಟ್ಟು "ಓಡಿ!" ಅನ್ನುತ್ತಾನೆ. ಎಲ್ಲರೂ ಓಡುತ್ತಾರೆ. ಗಣಿ ಮುಚ್ಚಿಕೊಳ್ಳುತ್ತದೆ. ನಾನು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಅವತ್ತು ಭಾನುವಾರ. ಹೆಂಡತಿ ಮುದ್ದೆ ಇಟ್ಟು ಮಟನ್ ಸಾರು ಬಿಡಲು ಬಂದಳು.

"ಇವತ್ತು ಬೇಡ ಕಣೆ. ಒಕ್ಕಣ್ಣ ಹೋಗ್ಬಿಟ್ಟ."

ಅವಳು ಸೌಟು ಹಿಡಿದುಕೊಂಡೇ ಕೂತುಬಿಟ್ಟಳು. "ಅಯ್ಯೋ ಶಿವನೇ! ಯಾರ್ರೀ, ನಿಮ್ ಫ್ಯಾಕ್ಟ್ರಿಯೋರಾ? ಮಕ್ಕಳು ಎಷ್ಟು?"

ಮಗಳು ವಿಷಯ ಬಿಡಿಸಿ ಹೇಳಿದಳು. ಹೆಂಡತಿ ಎದ್ದು ನನ್ನ ಪಾಲಿನ ಮಟನ್ನನ್ನೂ ಮಗಳ ತಟ್ಟೆಗೆ ಸುರಿದು ಅಂದಳು: "ನಮ್ ಚಿಕ್ಕಪ್ಪ ತೀರೋದಾಗ ಮೂರನೇ ದಿನಕ್ಕೇ ಮೂಳೆ ಚೀಪಿದ್ರಲ್ಲ, ಆಗೆಲ್ಲಿ ಓಗಿತ್ತು ಈ ದುಃಖ?"

೨. ಬಿಲ್ಲೆ

ನನ್ನ ಮಾವನವರು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿದ್ದಾರೆ. ಅಲ್ಲಿನ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಗಣಿ ಮುಚ್ಚಿ ಇಷ್ಟು ವರ್ಷವಾದರೂ ಹಣೆದೀಪವಿರುವ ತಮ್ಮ ಹೆಲ್ಮೆಟ್ಟನ್ನು ದಿನಾ ಒರೆಸಿ ಮೊಳೆಗೆ ತೂಗುಹಾಕುತ್ತಾರೆ. ಗಣಿಯ ಕಥೆ ಅಲ್ಲವೇ ಅಂತ ಪ್ರೀತಿಯಿಂದ ಅವರಿಗೂ ಎರಡನೇ ಆರ್ಕ್ ತೋರಿಸಿದೆ. ನಾನು ಎರಡನೇ ಸಲ ಕಣ್ಣೊರೆಸಿಕೊಳ್ಳುತ್ತಿದ್ದರೆ ಅವರು ಸಿಡುಕಿದರು.

"ಇವ್ನೆಂಥ ನಾಯಕ ಅಳಿಯಂದ್ರೇ? ಆಳುಗಳನ್ನ ಒಳಗ್ ಬಿಟ್ಟು ತಾನೇ ಮೊದ್ಲು ಮೇಲ್ ಬಂದ್ನಲ್ಲ! ಬಿಲ್ಲೆ ಎಣಿಸಿದ್ನಾ?"

ಗಣಿಗೆ ಇಳಿಯುವವನು ನಂಬರಿನ ಬಿಲ್ಲೆ ತೆಗೆದುಕೊಂಡು ಇಳಿಯಬೇಕು, ಮೇಲೆ ಬಂದು ಅದನ್ನು ವಾಪಸು ಕೊಡಬೇಕು. ಬಿಲ್ಲೆ ಬರಲಿಲ್ಲ ಅಂದರೆ ಮನುಷ್ಯ ಒಳಗಿದ್ದಾನೆ ಅಂತ.

"ಒಕ್ಕಣ್ಣನ ಬಿಲ್ಲೆ ಬಂದಿಲ್ಲ, ಹೆಣಾನೂ ತೋರಿಸಿಲ್ಲ. ಅವ್ನು ಒಳಗವ್ನೆ, ಬದುಕವ್ನೆ" ಅಂದರು.

ನನಗೆ ಉರಿದುಹೋಯಿತು. ಅಂಥಾ ದೊಡ್ಡ ಸಾವನ್ನು ಸುಳ್ಳು ಅನ್ನುವುದೇ? "ಮಾವ, ಅವನೇನಾದರೂ ಬದುಕಿ ಬಂದರೆ ನಿಮ್ಮ ಹೆಲ್ಮೆಟ್ ಹಾಕ್ಕೊಂಡು ರಾಬರ್ಟ್‌ಸನ್‌ಪೇಟೆ ಮಾರ್ಕೆಟ್‌ನಲ್ಲಿ ಮಟನ್ ತರ್ತೀನಿ!"

"ದೀಪನೂ ಹಚ್ಕೊಂಡು ಓಗ್ಬೇಕು" ಅಂದರು ಮಾವ.

೩. ಎತ್ತಿದ ಕತ್ತಿ

ಮೂರನೇ ಆರ್ಕ್‌ನಲ್ಲಿ ಕುಸ್ತಿ ಪಂದ್ಯದ ಹಾಗೆ ಒಂದು ಪಂದ್ಯ. ಎರಡನೆಯದರಲ್ಲಿ ಹಿಂದೆಮುಂದೆ ನೋಡದೆ ನುಗ್ಗುತ್ತಿದ್ದ ಅದೇ ನಾಯಕ ಇಲ್ಲಿ ಕತ್ತಿ ಎತ್ತಿಕೊಂಡು ಸುಮ್ಮನೆ ನಿಂತಿರುತ್ತಾನೆ. ಎದುರಾಳಿ ತನ್ನ ಬಾಲ್ಯ ಹೇಳುತ್ತಾನೆ, ಅದು ಮುಗಿದರೆ ಅವನ ಅಮ್ಮನ ಬಾಲ್ಯ. ನಮ್ಮ ಕಾರ್ಖಾನೆಯಲ್ಲಿ ಸುತ್ತಿಗೆ ಎತ್ತಿಕೊಂಡು ಹೀಗೆ ನಿಂತರೆ ಸೂಪರ್‌ವೈಸರು ಮೆಮೋ ಕೊಡುತ್ತಾರೆ. ಒಬ್ಬನೇ ಮನುಷ್ಯ, ಒಂದು ಆರ್ಕ್ ಕಳೆಯುವುದರೊಳಗೆ ಸ್ವಭಾವ ಹೀಗೆ ಬದಲಾಗುತ್ತದೆಯೇ? ಕಥೆ ಬರೆದವನಿಗೆ ತನ್ನ ಹಿಂದಿನ ಭಾಗವನ್ನಾದರೂ ಓದುವ ಅಭ್ಯಾಸ ಬೇಡವೇ?

ಇದನ್ನು ಬಸ್ಸಿನಲ್ಲಿ ಹೋಗುವಾಗ ಬರುವಾಗ ಮೊಬೈಲಿನಲ್ಲಿ ನೋಡುತ್ತಿದ್ದೆ. ಕಂಡಕ್ಟರು ಟಿಕೆಟ್ ಕೊಡುವಾಗ ನನ್ನ ಹೆಗಲ ಮೇಲಿಂದ ಇಣುಕುತ್ತಿದ್ದ. ಸೋಮವಾರ ಬೆಳಿಗ್ಗೆ ಕತ್ತಿ ಎತ್ತಿದ್ದು, ಗುರುವಾರ ಸಂಜೆಗೂ ಇಳಿದಿರಲಿಲ್ಲ. ಅವನು ತಡೆಯಲಾರದೆ ಕೇಳಿದ: "ಸಾರ್, ಇವ್ರಪ್ಪನ ಬಾಲ್ಯ ಯಾವತ್ತು? ಅವತ್ತು ನಾನು ರಜಾ ಆಕ್ತೀನಿ."

೪. ಹೆಲ್ಮೆಟ್

ನಾಲ್ಕನೇ ಆರ್ಕ್‌ನ ಮೊದಲ ಕಂತು. ಶತ್ರುಗಳ ಸೇನಾಪತಿ ಮುಖವಾಡ ತೆಗೆದ. ಒಕ್ಕಣ್ಣ! "ನೀವು ನನ್ನನ್ನು ಬಿಟ್ಟು ಓಡಿದಿರಿ" ಅಂತ ನಾಯಕನ ಮೇಲೆ ಕತ್ತಿ ಎತ್ತಿದ.

ನಾನು ಟಿವಿ ಮುಂದೆ ಎದ್ದುನಿಂತು ಬೈದೆ. ಇವನೇ ಅಲ್ಲವೇ ಓಡಿ ಅಂದದ್ದು? ನನ್ನ ಕಣ್ಣೀರಿಗೆ, ನನ್ನ ಮಟನ್ ಸಾರಿಗೆ ಯಾರು ಜವಾಬ್ದಾರಿ? ಮಗಳು ಆಗಲೇ ತಾತನಿಗೆ ಫೋನ್ ಮಾಡಿದ್ದಳು.

"ಸರಿಯಾಗೇ ಐತಲ್ಲಾ" ಅಂದರು ಮಾವ. "ತೊಲೆ ಹೊತ್ಕೊಂಡಾಗ ಓಡಿ ಅಂತಾನೆ. ಆಮೇಲೆ ಕತ್ಲಲ್ಲಿ ಕೂತು, ಯಾರಾದ್ರೂ ಬಿಲ್ಲೆ ನೋಡ್ಕೊಂಡು ವಾಪಸ್ ಬತ್ತಾರಾ ಅಂತ ಕಾಯ್ತಾನೆ. ಯಾರೂ ಬರ್ಲಿಲ್ಲ. ಕ್ವಾಪ ಬರಾಕಿಲ್ವಾ? ಭಾನ್ವಾರ ಬಂದು ಹೆಲ್ಮೆಟ್ ತಗೊಂಡೋಗಿ."

ಆಡಿದ ಮಾತು, ತಪ್ಪಿಸುವ ಹಾಗಿಲ್ಲ. ಭಾನುವಾರ ಹಗಲು ಹತ್ತು ಗಂಟೆಗೆ, ಹಣೆಯ ಮೇಲೆ ದೀಪ ಉರಿಸಿಕೊಂಡು, ಚೀಲ ಹಿಡಿದು ಮಟನ್ ಅಂಗಡಿ ಮುಂದೆ ನಿಂತೆ. ನಗುತ್ತಾರೆ ಅಂದುಕೊಂಡಿದ್ದೆ. ಯಾರೂ ನಗಲಿಲ್ಲ. ಒಬ್ಬರು ವಯಸ್ಸಾದವರು ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು.

"ತಂಬಿ, ಮೈನ್ಸ್ ತೊರಂದಾಚಾ?" ಗಣಿ ತೆರೆದರಾ ಅಂತ ತಮಿಳಿನಲ್ಲಿ.

"ಅಯ್ಯೋ ಇಲ್ಲ ತಾತ. ಒಕ್ಕಣ್ಣ ಬದುಕಿ ಬಂದ, ಅದಕ್ಕೆ ಹಾಕ್ಕೊಂಡೆ."

ಅಷ್ಟು ಹೇಳಿದ್ದೇ ತಪ್ಪಾಯಿತು. ಒಳಗಿದ್ದವನೊಬ್ಬ ಬದುಕಿ ಬಂದನಂತೆ ಅಂತ ಒಬ್ಬ, ಅವನನ್ನು ತೆಗೆಯಲು ಗಣಿ ತೆರೆದರಂತೆ ಅಂತ ಇನ್ನೊಬ್ಬ. ಮಟನ್ ಕಟ್ಟಿಸಿಕೊಳ್ಳುವುದರೊಳಗೆ ನನ್ನ ಹಿಂದೆ ಹತ್ತು ಹನ್ನೆರಡು ಜನ. ಅರ್ಜಿ ಎಲ್ಲಿ ಸಾರ್, ಫೋಟೋ ಎಷ್ಟು ಬೇಕು, ಮಗನಿಗೆ ಕೆಲಸ ಕೊಡ್ತಾರಾ? ಇಲ್ಲ ಕಣ್ರಯ್ಯಾ, ಅದು ಜಪಾನಿನ ಕಥೆ ಅಂತ ಕೂಗಿದೆ. ಜಪಾನಿನವರೇ ಗಣಿ ತೆಗೆದುಕೊಂಡರಂತೆ ಅಂತ ಹಿಂದಿನಿಂದ ಯಾರೋ ಅಂದರು.

ಅಷ್ಟರಲ್ಲಿ ಆಟೋ ಒಂದು ಗಕ್ಕನೆ ನಿಂತಿತು. ಹಳೇ ಬೂಟು ಹಾಕಿಕೊಂಡು ಮಾವ ಇಳಿದರು. ಸದ್ಯ, ನಿಜ ಹೇಳುವವರು ಬಂದರು ಅಂತ ನನಗೆ ಜೀವ ಬಂದ ಹಾಗಾಯಿತು. ಅವರು ಸೀದಾ ಬಂದು ನನ್ನ ತಲೆಗೆ ಕೈ ಹಾಕಿದರು.

"ಆ ಹೆಲ್ಮೆಟ್ ಕೊಡಿ ಅಳಿಯಂದ್ರೇ, ಬೇಗ! ಗಣಿ ತೆಗುದ್ರಂತೆ, ಮೊದಲನೇ ಬಿಲ್ಲೆ ನನಗೇ ಬೇಕು!"